ಮಂಡಿ ಶಸ್ತ್ರಚಿಕಿತ್ಸೆಗೆ ಮುನ್ನ: ಆಸ್ಪತ್ರೆಯ ಸೋಂಕಿನ ಭಯಕ್ಕೆ ಏನು ಉತ್ತರ?

ಪ್ರಶ್ನೆ: ನನ್ನ ತಂದೆಯವರಿಗೆ 67 ವರ್ಷ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಬಲ ಮಂಡಿ ಪೂರ್ತಿ ಸವೆದಿದೆ, ಕೀಲು ಬದಲಾಯಿಸಲೇಬೇಕು ಎಂದು ಮೂಳೆ ವೈದ್ಯರು ಹೇಳಿದ್ದಾರೆ. ಆದರೆ ಮನೆಯವರಿಗೆ ಯಾರಿಗೂ ಧೈರ್ಯ ಬರುತ್ತಿಲ್ಲ. ಹೋದ ವರ್ಷ ಅಮ್ಮನಿಗೆ ಪಾರ್ಶ್ವವಾಯು ಆಗಿ ಐಸಿಯುನಲ್ಲಿದ್ದರು. ಚೇತರಿಸಿಕೊಳ್ಳುತ್ತಿದ್ದಾಗ ಇದ್ದಕ್ಕಿದ್ದಂತೆ ಚಳಿಜ್ವರ ಬಂತು. ಮೂತ್ರದ ಸೋಂಕು ರಕ್ತಕ್ಕೆ ಏರಿದೆ ಎಂದರು. ಬದುಕಿಬಂದರು, ಆದರೆ ಇನ್ನೂ ಮೂರು ವಾರ ಆಸ್ಪತ್ರೆಯಲ್ಲೇ ಕಳೆಯಬೇಕಾಯಿತು. ಆ ಆಸ್ಪತ್ರೆಯ ಕೊಳಕಿನಿಂದಲೇ ಹೀಗಾಯಿತು, ಅಪ್ಪನನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೇ ಸೇರಿಸಬೇಕು ಎನ್ನುತ್ತಾರೆ ಚಿಕ್ಕಪ್ಪ. ಆಪರೇಷನ್ ಆದ ಮೇಲೆ ಹತ್ತು ದಿನ ಸ್ಟ್ರಾಂಗ್ ಆಂಟಿಬಯಾಟಿಕ್ ಹಾಕಿಸಿ ಎನ್ನುತ್ತಾರೆ ಪಕ್ಕದ ಮನೆಯವರು. ಸೋದರತ್ತೆ ಮೊಟ್ಟೆ, ಬದನೆಕಾಯಿ, ಮೊಸರು ಎಲ್ಲವೂ ನಂಜು, ಮೂರು ತಿಂಗಳು ಮುಟ್ಟಿಸಬೇಡಿ ಎನ್ನುತ್ತಾರೆ. ಆಪರೇಷನ್ ಮಾಡಿಸುವುದೋ ಬೇಡವೋ? ಮಾಡಿಸಿದರೆ ನಾವು ಯಾವುದನ್ನು ಗಮನಿಸಬೇಕು?
– ದಾವಣಗೆರೆಯ ಓದುಗರು

ಉತ್ತರ: ತಾಯಿಯವರಿಗೆ ಆದದ್ದು ತಂದೆಯವರಿಗೂ ಆದೀತು ಎಂಬ ನಿಮ್ಮ ಭಯ ಸಹಜವಾದದ್ದು. ಆಸ್ಪತ್ರೆಗಳ ಸೋಂಕು ನಿಯಂತ್ರಣ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಇದೇ ಭಯ ಹೊತ್ತು ಬರುವ ಕುಟುಂಬಗಳು ಮೇಲಿಂದ ಮೇಲೆ ಸಿಗುತ್ತವೆ. ಭಯಕ್ಕೆ ಆಧಾರವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ವರದಿಯ ಪ್ರಕಾರ, ಆಸ್ಪತ್ರೆಗೆ ದಾಖಲಾಗುವ ನೂರು ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ನಮ್ಮಂಥ ದೇಶಗಳಲ್ಲಿ 15 ಮಂದಿಗೆ ಅಲ್ಲಿಯೇ ಹೊಸದೊಂದು ಸೋಂಕು ತಗುಲುತ್ತದೆ. ಅವುಗಳಲ್ಲಿ ಬಹುಪಾಲನ್ನು ತಡೆಯಬಹುದು ಎಂಬುದನ್ನೂ ಅದೇ ವರದಿ ಹೇಳುತ್ತದೆ. ಹಾಗಾಗಿ 'ಹಣೆಬರಹ' ಎಂದು ಕೈಚೆಲ್ಲುವ ಅಗತ್ಯವಿಲ್ಲ.

ಮೊದಲು ತಾಯಿಯವರ ವಿಷಯ. ಅವರ ಮೂತ್ರದ ಸೋಂಕಿಗೂ ತಂದೆಯವರ ಮಂಡಿಗೆ ತಗುಲಬಹುದಾದ ಸೋಂಕಿಗೂ ಕಾರಣ ಬೇರೆ, ತಡೆಯುವ ದಾರಿಯೂ ಬೇರೆ. ಪಾರ್ಶ್ವವಾಯು ಆದವರಿಗೆ ಐಸಿಯುನಲ್ಲಿ ಸಾಮಾನ್ಯವಾಗಿ ಮೂತ್ರದ ನಳಿಕೆ ಹಾಕಿರುತ್ತಾರೆ. ಮೂತ್ರಕೋಶಕ್ಕೆ ಇಳಿದ ಆ ನಳಿಕೆಯ ಹೊರಮೈಯನ್ನು ಹಿಡಿದು ರೋಗಿಯ ಕರುಳಿನ ಬ್ಯಾಕ್ಟೀರಿಯಾಗಳೇ ನಿಧಾನವಾಗಿ ಮೇಲೇರುತ್ತವೆ. ನಳಿಕೆ ಇರುವ ಪ್ರತಿ ದಿನಕ್ಕೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಶೇಕಡಾ 3ರಿಂದ 7ರಷ್ಟು. ತಿಂಗಳು ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರ ಮೂತ್ರದಲ್ಲೂ ಅವು ಇರುತ್ತವೆ. ಹಾಗೆ ಸೇರಿದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. ಆದರೆ ಅವರಲ್ಲಿ ಕೆಲವರಿಗೆ ಜ್ವರ ಬಂದು, ಇನ್ನೂ ಕೆಲವರಲ್ಲಿ ಅದು ರಕ್ತಕ್ಕೆ ಏರುತ್ತದೆ. ನೆಲ ಹೊಳೆಯುತ್ತಿದ್ದ, ಫಿನಾಯಿಲ್ ವಾಸನೆ ಬರುತ್ತಿದ್ದ ವಾರ್ಡಿನಲ್ಲೂ ಇದು ನಡೆಯುತ್ತದೆ. ಆ ಆಸ್ಪತ್ರೆಯವರಿಗೆ ನೀವು ಕೇಳಬಹುದಾಗಿದ್ದ ಸರಿಯಾದ ಪ್ರಶ್ನೆ 'ಎಷ್ಟು ಸಲ ನೆಲ ಒರೆಸುತ್ತೀರಿ' ಎಂಬುದಕ್ಕಿಂತ 'ಈ ನಳಿಕೆ ಇವತ್ತೂ ಬೇಕೇ' ಎಂಬುದು. ಕೆಲವು ಪಾರ್ಶ್ವವಾಯು ರೋಗಿಗಳಿಗೆ ಮೂತ್ರ ಕಟ್ಟಿಕೊಳ್ಳುವುದರಿಂದ ನಳಿಕೆ ನಿಜಕ್ಕೂ ಬೇಕಾಗುತ್ತದೆ. ಆದರೆ ಬಟ್ಟೆ ಬದಲಾಯಿಸುವ ಕೆಲಸ ತಪ್ಪುತ್ತದೆ ಎಂಬ ಒಂದೇ ಕಾರಣಕ್ಕೆ, ಇಲ್ಲವೇ ತೆಗೆಯಬೇಕೆಂದು ಯಾರಿಗೂ ನೆನಪಾಗದೆ ಉಳಿದುಬಿಡುವ ನಳಿಕೆಗಳನ್ನು ನಾನು ರೌಂಡ್ಸ್‌ನಲ್ಲಿ ಈಗಲೂ ಕಾಣುತ್ತೇನೆ. ಅದು ನನ್ನನ್ನು ಪ್ರತಿ ಸಲವೂ ಕಾಡುತ್ತದೆ, ಏಕೆಂದರೆ ಅಷ್ಟು ಸುಲಭವಾಗಿ ತಪ್ಪಿಸಬಹುದಾದ ಸೋಂಕು ಬೇರೊಂದಿಲ್ಲ.

ನಮ್ಮ ದೇಶದ ಲೆಕ್ಕವೂ ಈಗ ಸಿಗುತ್ತಿದೆ. ದೆಹಲಿಯ ಏಮ್ಸ್ ಮತ್ತು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮುಂದಾಳತ್ವದ ಜಾಲವೊಂದು ಐಸಿಯುಗಳಲ್ಲಿ ರಕ್ತದ ಮತ್ತು ಮೂತ್ರದ ಸೋಂಕುಗಳನ್ನು ಎಲ್ಲೆಡೆ ಒಂದೇ ಅಳತೆಗೋಲಿನಿಂದ ಎಣಿಸುತ್ತಿದೆ. 2022ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ 26 ಆಸ್ಪತ್ರೆಗಳ 89 ಐಸಿಯುಗಳಿದ್ದವು. ರಕ್ತದ ಸೋಂಕಿಗೆ ಕಾರಣವಾದವುಗಳಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಮೊದಲ ಸಾಲಿನಲ್ಲಿತ್ತು. ಕೊನೆಯ ಅಸ್ತ್ರವೆಂದು ನಾವು ಕಾದಿಟ್ಟುಕೊಳ್ಳುವ ಕಾರ್ಬಪೆನೆಮ್ ಗುಂಪಿನ ಔಷಧಗಳಿಗೂ ಅದರ ದೊಡ್ಡ ಪಾಲು ಬಗ್ಗಲಿಲ್ಲ. ತಾಯಿಯವರು ಮೂರು ವಾರ ಹೆಚ್ಚುವರಿಯಾಗಿ ಮಲಗಬೇಕಾದದ್ದಕ್ಕೆ ಇಂಥದ್ದೇ ಕಾರಣವಿರಬಹುದು. ಸೋಂಕು ಯಾವ ಬ್ಯಾಕ್ಟೀರಿಯಾದ್ದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಸುವ ಕಲ್ಚರ್ ಪರೀಕ್ಷೆಯ ವರದಿ ಮನೆಯಲ್ಲಿದ್ದರೆ ಅದನ್ನು ಜೋಪಾನ ಮಾಡಿ. ಮುಂದೆ ಅವರಿಗೆ ಯಾವ ಸೋಂಕು ಬಂದರೂ ವೈದ್ಯರಿಗೆ ಮೊದಲು ತೋರಿಸಬೇಕಾದ ಕಾಗದ ಅದು.

ಚಿಕ್ಕಪ್ಪನವರು ಹೇಳುವ ಕೊಳಕಿನ ಮಾತಿನಲ್ಲಿ ಅರ್ಧ ಸತ್ಯವಿದೆ. ರೋಗಿಗಳು ಹಂಚಿಕೊಳ್ಳುವ ಬಿಪಿ ಯಂತ್ರ, ಮಂಚದ ಕಂಬಿ, ಇಂಜೆಕ್ಷನ್ ಟ್ರಾಲಿ ಇವುಗಳನ್ನು ನಿತ್ಯ ಒರೆಸಿದರೆ ಸೋಂಕು ಇಳಿಯುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಆದರೆ ನಮ್ಮಲ್ಲಿ ಸ್ವಚ್ಛತೆಯ ಹೆಸರಿನಲ್ಲಿ ನಡೆಯುವ ಬಹಳಷ್ಟು ಕೆಲಸಗಳಿಗೆ ಅಂಥ ಪುರಾವೆ ಇಲ್ಲ. ಐಸಿಯು ಬಾಗಿಲಲ್ಲಿ ಚಪ್ಪಲಿ ಬದಲಾಯಿಸುವುದು, ಅಂಟು ಚಾಪೆ ಹಾಸುವುದು, ಪ್ರತಿ ವಾರ ಆಪರೇಷನ್ ಥಿಯೇಟರಿಗೆ ಫಾರ್ಮಲಿನ್ ಹೊಗೆ ಹಾಕುವುದು ಕಣ್ಣಿಗೆ ಸಮಾಧಾನ ಕೊಡುತ್ತವೆ, ಅಷ್ಟೆ. ಫಾರ್ಮಲಿನ್ ಹೊಗೆಯಂತೂ ಅಲ್ಲಿ ಕೆಲಸ ಮಾಡುವವರ ಕಣ್ಣು, ಶ್ವಾಸಕೋಶಗಳಿಗೆ ಹಾನಿಕರ. ಒಬ್ಬ ರೋಗಿಯ ಬ್ಯಾಕ್ಟೀರಿಯಾ ಇನ್ನೊಬ್ಬರಿಗೆ ದಾಟುವ ಮುಖ್ಯ ಹಾದಿ ನಮ್ಮ ಕೈ: ವೈದ್ಯರದು, ನರ್ಸ್‌ನದು, ಆಯಾರದು, ರೋಗಿಯ ಜೊತೆಗಿರುವ ಮಗನದು. ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ದಿದಿಯೇ ಪಿತ್ತೆ ಎಂಬ ವೈದ್ಯರ ತಂಡ ಪ್ರತಿ ಹಾಸಿಗೆಯ ಬಳಿಯೂ ಆಲ್ಕೋಹಾಲ್ ದ್ರಾವಣ ಸಿಗುವಂತೆ ಮಾಡಿ, ಸಿಬ್ಬಂದಿ ಕೈ ಶುಚಿ ಮಾಡಿಕೊಳ್ಳುತ್ತಾರೋ ಇಲ್ಲವೋ ಎಂದು ಎಣಿಸುತ್ತಾ ಬಂತು. 1994ರಲ್ಲಿ ಶೇಕಡಾ 48ರಷ್ಟು ಸಂದರ್ಭಗಳಲ್ಲಿ ಮಾತ್ರ ನಡೆಯುತ್ತಿದ್ದ ಕೈ ಶುಚಿ 1997ಕ್ಕೆ ಶೇಕಡಾ 66ಕ್ಕೆ ಏರಿತು. 1994ರಿಂದ 1998ರ ನಡುವೆ ಆಸ್ಪತ್ರೆ ಸೋಂಕಿನ ಪ್ರಮಾಣ ಶೇಕಡಾ 16.9ರಿಂದ 9.9ಕ್ಕೆ ಇಳಿಯಿತು. ಗಮನಿಸಿ, ಸ್ವಿಟ್ಜರ್ಲೆಂಡಿನಲ್ಲೂ ಅವರು ನೂರಕ್ಕೆ ನೂರು ಮುಟ್ಟಲಿಲ್ಲ. ಆದರೂ ಇಷ್ಟು ವ್ಯತ್ಯಾಸ ಆಯಿತು.

ಕೈಗವಸು ಹಾಕಿದ್ದಾರೆ ಎಂದು ನಿಶ್ಚಿಂತರಾಗಬೇಡಿ. ಒಂದೇ ಜೊತೆ ಕೈಗವಸಿನಲ್ಲಿ ನಾಲ್ಕು ಹಾಸಿಗೆ ಸುತ್ತಿದರೆ ಅದು ಹಾಕಿಕೊಂಡವರ ಚರ್ಮವನ್ನು ಕಾಪಾಡುತ್ತದೆಯೇ ಹೊರತು ನಿಮ್ಮ ತಂದೆಯವರನ್ನಲ್ಲ.

ಇನ್ನೊಂದು ಅಧ್ಯಯನವನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ನನ್ನ ಕೆಲಸದ ರೀತಿಯನ್ನು ಅದು ರೂಪಿಸಿದೆ. ಅಮೆರಿಕದ ಮಿಚಿಗನ್ ರಾಜ್ಯದ 103 ಐಸಿಯುಗಳಲ್ಲಿ ಪೀಟರ್ ಪ್ರೊನೊವೋಸ್ಟ್ ಎಂಬ ವೈದ್ಯರ ತಂಡ ಕುತ್ತಿಗೆ ಅಥವಾ ಎದೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್‌ನ ಸೋಂಕನ್ನು ಕೈಗೆತ್ತಿಕೊಂಡಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಕೈ ತೊಳೆಯುವುದು, ರೋಗಿಯ ಮೈಯನ್ನು ಪೂರ್ತಿ ಶುದ್ಧ ಬಟ್ಟೆಯಿಂದ ಮುಚ್ಚುವುದು, ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಚರ್ಮ ಒರೆಸುವುದು, ತೊಡೆಸಂದಿಯ ನಾಳವನ್ನು ಸಾಧ್ಯವಾದಷ್ಟು ಬಿಡುವುದು, ಬೇಡವಾದ ಕೂಡಲೇ ಲೈನ್ ತೆಗೆಯುವುದು. ಇಷ್ಟನ್ನೇ ಒಂದು ಚೆಕ್‌ಲಿಸ್ಟ್ ಮಾಡಿ ಪ್ರತಿ ಸಲವೂ ತಪ್ಪದೆ ಪಾಲಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಲೈನ್ ಇದ್ದ ಸಾವಿರ ದಿನಗಳಿಗೆ ಸರಾಸರಿ 7.7ರಷ್ಟಿದ್ದ ರಕ್ತದ ಸೋಂಕು ಒಂದೂವರೆ ವರ್ಷದ ಹೊತ್ತಿಗೆ 1.4ಕ್ಕೆ ಇಳಿದಿತ್ತು. ಅದರಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು, ವೈದ್ಯರು ಒಂದು ಹೆಜ್ಜೆ ಬಿಟ್ಟರೆ ಅಲ್ಲೇ ತಡೆದು ನಿಲ್ಲಿಸುವ ಅಧಿಕಾರವನ್ನು ನರ್ಸ್‌ಗೆ ಕೊಟ್ಟಿದ್ದು. ನಮ್ಮ ಎಷ್ಟು ಆಸ್ಪತ್ರೆಗಳಲ್ಲಿ ಒಬ್ಬ ಸಿಸ್ಟರ್ ಹಿರಿಯ ವೈದ್ಯರಿಗೆ 'ಸರ್, ಕೈ ತೊಳೆದುಕೊಳ್ಳಿ' ಎಂದು ಹೇಳಬಲ್ಲರು? ನೀವು ಆಸ್ಪತ್ರೆ ಆರಿಸುವಾಗ ನಾನಾದರೆ ಅಮೃತಶಿಲೆಯ ನೆಲಕ್ಕಿಂತ ಇದನ್ನೇ ನೋಡುತ್ತೇನೆ.

ಈಗ ತಂದೆಯವರ ಮಂಡಿಗೆ ಬರೋಣ. ಒಳ್ಳೆಯ ಕೇಂದ್ರಗಳಲ್ಲಿ ಮಂಡಿ ಬದಲಾವಣೆಯ ನಂತರ ಆಳದ ಸೋಂಕು ಆಗುವುದು ನೂರಕ್ಕೆ ಒಬ್ಬರಿಗೋ ಇಬ್ಬರಿಗೋ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಬಹಳ ದಪ್ಪಗಿರುವವರಿಗೆ ಅದು ಹೆಚ್ಚು. ಪ್ರಮಾಣ ಚಿಕ್ಕದಾದರೂ ನಾವು ಹೆದರುವುದು ಏಕೆಂದರೆ, ಲೋಹದ ಕೀಲಿನ ಮೇಲೆ ಬ್ಯಾಕ್ಟೀರಿಯಾ ಕೂತರೆ ಬಾವಿಯ ಮೆಟ್ಟಿಲ ಮೇಲಿನ ಪಾಚಿಯ ಹಾಗೆ ಲೋಳೆಪದರ ಕಟ್ಟಿಕೊಳ್ಳುತ್ತದೆ. ಮೇಲೆ ಎಷ್ಟು ಔಷಧ ಸುರಿದರೂ ಒಳಗಿರುವವು ಸಾಯುವುದಿಲ್ಲ, ಉಜ್ಜಿಯೇ ತೆಗೆಯಬೇಕು, ಅಂದರೆ ಮತ್ತೆ ಶಸ್ತ್ರಚಿಕಿತ್ಸೆ. ಹಾಗಾಗಿ ತಡೆಯುವ ಕೆಲಸವೆಲ್ಲ ಗಾಯ ಮಾಡುವುದಕ್ಕೆ ಮೊದಲೇ ಮುಗಿದಿರಬೇಕು.

ಇಲ್ಲೇ ಪಕ್ಕದ ಮನೆಯವರ ಸಲಹೆ ತಪ್ಪುತ್ತದೆ. ಆಂಟಿಬಯಾಟಿಕ್ ಬೇಕು, ಆದರೆ ಅದು ಕೆಲಸ ಮಾಡುವುದು ಚರ್ಮ ಕೊಯ್ಯುವ ಹೊತ್ತಿಗೆ ರಕ್ತದಲ್ಲಿದ್ದಾಗ. ಸಾಮಾನ್ಯವಾಗಿ ಸೆಫಜೋಲಿನ್ ಎಂಬ ಹಳೆಯ, ಅಗ್ಗದ ಔಷಧವನ್ನು ಶಸ್ತ್ರಚಿಕಿತ್ಸೆಗೆ ಮುಂಚಿನ ಒಂದು ಗಂಟೆಯೊಳಗೆ ಕೊಡುತ್ತಾರೆ. ಗಾಯ ಹೊಲಿದ ಮೇಲೆ ಮುಂದುವರಿಸುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಕೀಲು ಬದಲಾವಣೆಯಲ್ಲಿ ಅನೇಕ ವೈದ್ಯರು 24 ಗಂಟೆಯವರೆಗೆ ಕೊಡುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಹತ್ತು ದಿನದ 'ಸ್ಟ್ರಾಂಗ್' ಔಷಧದಿಂದ ಗಾಯಕ್ಕೆ ಹೆಚ್ಚಿನ ರಕ್ಷಣೆ ಸಿಗುವುದಿಲ್ಲ. ಬದಲಿಗೆ ಕರುಳಿನ ನಿರುಪದ್ರವಿ ಬ್ಯಾಕ್ಟೀರಿಯಾಗಳು ಸತ್ತು, ಔಷಧಕ್ಕೆ ಬಗ್ಗದವು ಬೆಳೆಯಲು ಜಾಗ ಸಿಗುತ್ತದೆ. ಭೇದಿ, ಮೂತ್ರಪಿಂಡಕ್ಕೆ ಪೆಟ್ಟು ಬೇರೆ. ಸಕ್ಕರೆ ಕಾಯಿಲೆಯವರಿಗೆ ಆ ಪೆಟ್ಟು ದುಬಾರಿ. ವೈದ್ಯರು ಹೆಚ್ಚು ದಿನ ಕೊಡಲಿಲ್ಲ ಎಂದರೆ ಅಸಡ್ಡೆ ಮಾಡಿದರು ಎಂದು ದಯವಿಟ್ಟು ತಿಳಿಯಬೇಡಿ.

ಸೋದರತ್ತೆಯವರ ನಂಜಿನ ಪಟ್ಟಿಯನ್ನು ಗೌರವದಿಂದಲೇ ಪಕ್ಕಕ್ಕಿಡಬೇಕಾಗುತ್ತದೆ. ಕೀವು ಆಗುವುದು ಬ್ಯಾಕ್ಟೀರಿಯಾದಿಂದ. ಬದನೆಕಾಯಿ ತಿಂದರೆ ಗಾಯದಲ್ಲಿ ಬ್ಯಾಕ್ಟೀರಿಯಾ ಹುಟ್ಟುವುದಿಲ್ಲ. ಗಾಯ ಕೂಡಲು ಪ್ರೋಟೀನ್ ಬೇಕು, ಮೊಟ್ಟೆ, ಮೊಸರು, ಬೇಳೆ, ಮೀನು ಇವುಗಳಲ್ಲಿ ಅದೇ ಇರುವುದು. ಮೂರು ತಿಂಗಳು ಬರೀ ಗಂಜಿ ತಿಳಿಸಾರಿನಲ್ಲಿ ಕಳೆದ ಹಿರಿಯರ ಗಾಯ ಒಣಗದೆ ಬಿಟ್ಟುಕೊಳ್ಳುವುದನ್ನು ನೋಡಿ ಹೊಟ್ಟೆ ಉರಿದಿದೆ. ಅತ್ತೆಯವರ ಮನಸ್ಸು ನೋಯಿಸುವುದು ಬೇಡವೆಂದರೆ ಬದನೆಕಾಯಿಯೊಂದನ್ನು ಬಿಡಿ, ಮೊಟ್ಟೆ ಮೊಸರನ್ನು ಬಿಡಿಸಬೇಡಿ.

ಶಸ್ತ್ರಚಿಕಿತ್ಸೆಯ ದಿನಾಂಕ ಗೊತ್ತು ಮಾಡುವ ಮೊದಲು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. 8ಕ್ಕಿಂತ ಮೇಲಿದ್ದರೆ ಅದನ್ನು ಇಳಿಸಿಕೊಂಡು ಬರುವುದು ಒಳ್ಳೆಯದು. ಆಪರೇಷನ್ ದಿನ ಮತ್ತು ನಂತರದ ದಿನಗಳಲ್ಲಿ ರಕ್ತದ ಸಕ್ಕರೆ 200 ಮಿಲಿಗ್ರಾಂ ದಾಟಬಾರದು. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ್ದರೆ ಶಸ್ತ್ರವೈದ್ಯರಿಗೆ ತಪ್ಪದೆ ತಿಳಿಸಿ, ಅದಾದ ಮೂರು ತಿಂಗಳೊಳಗೆ ಕೀಲು ಬದಲಾಯಿಸಿದರೆ ಸೋಂಕಿನ ಅಪಾಯ ಹೆಚ್ಚು. ಇದನ್ನು ಹೇಳದೆ ಬಿಡುವವರು ಬಹಳ ಮಂದಿ, ಏಕೆಂದರೆ ಇಂಜೆಕ್ಷನ್ ಕೊಟ್ಟವರು ಒಬ್ಬರು, ಆಪರೇಷನ್ ಮಾಡುವವರು ಇನ್ನೊಬ್ಬರು ಆಗಿರುತ್ತಾರೆ. ಹುಳುಕು ಹಲ್ಲು, ಪಾದದ ಬಿರುಕು, ಬೆರಳ ಸಂದಿಯ ಹುಣ್ಣು ಇದ್ದರೆ ಮೊದಲೇ ವಾಸಿ ಮಾಡಿಸಿ. ಮೂತ್ರದಲ್ಲಿ ತೊಂದರೆ ಏನೂ ಇಲ್ಲದಿದ್ದರೆ ಬರೀ ವರದಿಯಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು ಔಷಧ ತೆಗೆದುಕೊಳ್ಳುವ ಅಗತ್ಯವಿಲ್ಲ.

ಮೂಗಿನ ಪರೀಕ್ಷೆಯ ಬಗ್ಗೆ ಕೇಳಿ ನೋಡಿ. ಸುಮಾರು ಮೂರರಲ್ಲಿ ಒಬ್ಬರ ಮೂಗಿನಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ತೊಂದರೆ ಕೊಡದೆ ವಾಸವಾಗಿರುತ್ತದೆ. ಕೀಲಿನ ಸೋಂಕಿಗೆ ಕಾರಣವಾಗುವವುಗಳಲ್ಲಿ ಇದು ಪ್ರಮುಖ. ನೆದರ್‌ಲೆಂಡ್ಸ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಥವರ ಮೂಗಿಗೆ ಮುಪಿರೋಸಿನ್ ಮುಲಾಮು ಹಚ್ಚಿ ಕ್ಲೋರ್‌ಹೆಕ್ಸಿಡಿನ್ ಸೋಪಿನಲ್ಲಿ ಸ್ನಾನ ಮಾಡಿಸಿದಾಗ ಆ ಬ್ಯಾಕ್ಟೀರಿಯಾದ ಸೋಂಕು ಶೇಕಡಾ 7.7ರ ಬದಲು 3.4ರಷ್ಟಾಯಿತು. ಎಲ್ಲ ಊರಿನಲ್ಲಿ ಈ ಪರೀಕ್ಷೆ ಮಾಡುವುದಿಲ್ಲ, ಮಾಡದಿದ್ದರೆ ಆ ಆಸ್ಪತ್ರೆ ಕೆಟ್ಟದ್ದೆಂದೂ ಅಲ್ಲ. ಆದರೆ ಆಪರೇಷನ್ ಹಿಂದಿನ ರಾತ್ರಿ ಸೋಪು ಹಚ್ಚಿ ಸ್ನಾನ ಮಾಡಿಸುವುದು ಎಲ್ಲರಿಂದಲೂ ಆಗುವ ಕೆಲಸ. ಕಾಲಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಿ ಕರೆತರಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ತೆಗೆಯಲೇಬೇಕಾದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರ್‌ನಿಂದ ಕತ್ತರಿಸುತ್ತಾರೆ.

ದುಬಾರಿಯಾದದ್ದೆಲ್ಲ ಉತ್ತಮ ಎಂಬ ಭ್ರಮೆಯೂ ಬೇಡ. ಭಾರತವೂ ಸೇರಿ ಏಳು ದೇಶಗಳಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ದುಬಾರಿ ಚರ್ಮಶುದ್ಧಿ ದ್ರಾವಣವಾಗಲಿ, ಔಷಧ ಲೇಪಿಸಿದ ಹೊಲಿಗೆ ದಾರವಾಗಲಿ ಸಾಮಾನ್ಯ ಅಯೋಡಿನ್ ಮತ್ತು ಸಾಮಾನ್ಯ ದಾರಕ್ಕಿಂತ ಮೇಲೆಂದು ಸಾಬೀತಾಗಲಿಲ್ಲ. ಅದೇ ಏಳು ದೇಶಗಳ ಇನ್ನೊಂದು ಅಧ್ಯಯನ, 2022ರದ್ದು, 13 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಯಿತು. ಹೊಟ್ಟೆಯ ಗಾಯ ಮುಚ್ಚುವ ಮೊದಲು ಕೈಗವಸು ಮತ್ತು ಉಪಕರಣ ಬದಲಾಯಿಸಿದರು, ಅಷ್ಟೇ. ಗಾಯದ ಸೋಂಕು ಶೇಕಡಾ 18.9ರಿಂದ 16ಕ್ಕೆ ಇಳಿಯಿತು. ಮಂಡಿಗೆ ಇದನ್ನು ನೇರವಾಗಿ ಅನ್ವಯಿಸಲು ಬರುವುದಿಲ್ಲ. ಆದರೂ ನಮ್ಮ ಜನರ ಮೇಲೇ ನಡೆದ ಇಂಥ ಅಧ್ಯಯನಗಳು ಬರುತ್ತಿರುವುದು ನನಗೆ ದೊಡ್ಡ ಸಂತೋಷ, ಇಷ್ಟು ವರ್ಷ ಯೂರೋಪು, ಅಮೆರಿಕದ ಅಂಕಿಗಳನ್ನೇ ನೆಚ್ಚಿಕೊಂಡಿದ್ದೆವು.

ಹಾಗಾದರೆ ಬೆಂಗಳೂರೋ ದಾವಣಗೆರೆಯೋ? ದೊಡ್ಡ ಆಸ್ಪತ್ರೆಗಳಿಗೆ ಬರುವ ರೋಗಿಗಳು ಹೆಚ್ಚು ಗಂಭೀರ ಸ್ಥಿತಿಯವರು, ಈಗಾಗಲೇ ನಾನಾ ಕಡೆ ಆಂಟಿಬಯಾಟಿಕ್ ತೆಗೆದುಕೊಂಡವರು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಅಲ್ಲೂ ಇರುತ್ತದೆ. ಅಲ್ಲಿನ ಅನುಕೂಲವೆಂದರೆ ಕೀಲು ಬದಲಾವಣೆಯ ಅನುಭವ ಹೆಚ್ಚು, ಸೋಂಕು ಆದರೂ ನಿಭಾಯಿಸುವ ತಂಡ ಇರುತ್ತದೆ. ಅನಾನುಕೂಲವೆಂದರೆ ಮನೆಗೆ ಬಂದ ಮೇಲೆ ಗಾಯ ಕೆಂಪಾದರೆ ಐದಾರು ಗಂಟೆ ಪ್ರಯಾಣ, ಅಷ್ಟು ದೂರವೆಂದು ಹೋಗದೆ ಕಾಯುವ ಮನಸ್ಸು. ನಿಮ್ಮ ಊರಿನಲ್ಲೇ ವರ್ಷವಿಡೀ ಮಂಡಿ ಬದಲಾಯಿಸುವ ಅನುಭವಿ ಶಸ್ತ್ರವೈದ್ಯರಿದ್ದರೆ ನಾನು ಅಲ್ಲಿಗೇ ಒಲವು ತೋರುತ್ತೇನೆ. ಅವರನ್ನು ನೇರವಾಗಿ ಕೇಳಿ: ಹೋದ ವರ್ಷ ನಿಮ್ಮ ಎಷ್ಟು ಮಂಡಿಗಳಿಗೆ ಸೋಂಕು ಆಯಿತು? ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣಕ್ಕೆಂದೇ ನೇಮಕವಾದ ನರ್ಸ್ ಇದ್ದಾರೆಯೇ? 'ಇಷ್ಟರಲ್ಲಿ ಒಬ್ಬರಿಗೆ ಆಯಿತು, ಹೀಗೆ ಸರಿಪಡಿಸಿದೆವು' ಎನ್ನುವವರನ್ನು ನಂಬಿ. 'ನಮ್ಮಲ್ಲಿ ಸೋಂಕೇ ಇಲ್ಲ' ಎನ್ನುವ ಕಡೆ ಬಹುಶಃ ಯಾರೂ ಎಣಿಸುತ್ತಿಲ್ಲ.

ಮಾಡಿಸದೇ ಇರುವುದೂ ಒಂದು ದಾರಿ, ಅದಕ್ಕೂ ಬೆಲೆಯಿದೆ. ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಸಕ್ಕರೆ ಕಾಯಿಲೆಯವರ ಮೂತ್ರಪಿಂಡ ಸೋಲಬಹುದು. ನಡೆಯಲಾಗದೆ ಕೂತರೆ ಸಕ್ಕರೆ ಏರುತ್ತದೆ. ತೂಕ ಇಳಿಸಿ, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಕೆಲವರು ಇನ್ನೂ ಒಂದೆರಡು ವರ್ಷ ದೂಡುತ್ತಾರೆ. ಎಚ್‌ಬಿಎ1ಸಿ ಹೆಚ್ಚಿದ್ದರೆ ಮೂರು ನಾಲ್ಕು ತಿಂಗಳು ಆ ವ್ಯಾಯಾಮದಲ್ಲೇ ಕಳೆದು, ಸಕ್ಕರೆ ಇಳಿಸಿಕೊಂಡು ಆಮೇಲೆ ಮಾಡಿಸುವುದು ನನ್ನ ಸಲಹೆ. ಈಗಾಗಲೇ ಹತೋಟಿಯಲ್ಲಿದ್ದರೆ ಭಯಕ್ಕಾಗಿ ಮುಂದೂಡಬೇಡಿ.

ಆಸ್ಪತ್ರೆಯಲ್ಲಿರುವಾಗ ನಿಮ್ಮ ಪಾಲಿನ ಕೆಲಸ ದೊಡ್ಡದು. ಮಂಡಿ ಶಸ್ತ್ರಚಿಕಿತ್ಸೆಗೆ ಮೂತ್ರದ ನಳಿಕೆ ಅನೇಕರಿಗೆ ಬೇಕಾಗುವುದೇ ಇಲ್ಲ. ಹಾಕಿದರೂ ಮರುದಿನ ತೆಗೆಯಬಹುದು. 'ಸಿಸ್ಟರ್, ಈ ನಳಿಕೆ ಇವತ್ತು ತೆಗೆಯಬಹುದೇ?' ಎಂದು ಬೆಳಗಿನ ರೌಂಡ್ಸ್ ವೇಳೆಗೆ ಕೇಳಿ. ಕೈಯ ಡ್ರಿಪ್ ಸೂಜಿಯ ಬಗ್ಗೆಯೂ ಹಾಗೇ ಕೇಳಿ, ಅಲ್ಲಿ ಕೆಂಪಾದರೆ ಅಥವಾ ನೋವಾದರೆ ಕೂಡಲೇ ಹೇಳಿ. ಟ್ರಾಲಿಗೆ ವರ್ಗಾಯಿಸುವಾಗ ಮೂತ್ರದ ಚೀಲವನ್ನು ಹೊಟ್ಟೆಯ ಮೇಲೆ ಇಡುವ ಅಭ್ಯಾಸ ಎಲ್ಲ ಕಡೆ ಇದೆ. ಹಾಗೆ ಇಟ್ಟರೆ ಚೀಲದ ಮೂತ್ರ ಮೂತ್ರಕೋಶಕ್ಕೆ ವಾಪಸ್ ಹರಿಯುತ್ತದೆ. ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಅದನ್ನು ಖಾಲಿ ಮಾಡುವುದು ನೀವೇ ಆದರೆ ಮೊದಲೂ ಆಮೇಲೂ ಕೈ ತೊಳೆಯಿರಿ. ಎಳನೀರು, ಹಣ್ಣು ಹಿಡಿದು ನೋಡಲು ಬರುವ ನೆಂಟರಿಗೆ ಮನೆಗೆ ಬಂದ ಮೇಲೆ ಬನ್ನಿ ಎನ್ನಿ. ಬಂದೇ ಬಿಟ್ಟರೆ ಹಾಸಿಗೆಯ ಮೇಲೆ ಕೂರಿಸಬೇಡಿ, ಕೈಗೆ ಆಲ್ಕೋಹಾಲ್ ದ್ರಾವಣ ಹಾಕಿ. ವೈದ್ಯರು ಕೈ ಶುಚಿ ಮಾಡಿಕೊಳ್ಳದೆ ಡ್ರೆಸಿಂಗ್ ಬಿಚ್ಚಲು ಹೊರಟರೆ ಆ ಬಾಟಲಿಯನ್ನು ಅವರ ಮುಂದೆ ಹಿಡಿಯಿರಿ. ಯಾರಾದರೂ ನನ್ನ ಮುಂದೆ ಹಾಗೆ ಹಿಡಿದರೆ ನಾನು ಧನ್ಯವಾದ ಹೇಳಿಯೇ ತೆಗೆದುಕೊಳ್ಳುತ್ತೇನೆ. ಮುಖ ಗಂಟಿಕ್ಕುವವರು ಸಿಕ್ಕರೂ ನೀವು ಕೇಳಿದ್ದು ತಪ್ಪಲ್ಲ.

ಮನೆಗೆ ಬಂದ ಮೇಲೆ ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ಮೆಡಿಕಲ್ ಶಾಪಿನ ಪುಡಿ ಯಾವುದೂ ಬೇಡ. ಒಂದು ವಾರದ ನಂತರವೂ ಗಾಯ ಒಸರುತ್ತಿದ್ದರೆ, ಇಳಿದಿದ್ದ ನೋವು ಮತ್ತೆ ಏರಿದರೆ, ಕೆಂಪು ಹರಡಿದರೆ, ಜ್ವರ ಬಂದರೆ ಅದೇ ದಿನ ಆಪರೇಷನ್ ಮಾಡಿದ ವೈದ್ಯರಿಗೇ ತೋರಿಸಿ. ಪಕ್ಕದ ಕ್ಲಿನಿಕ್ಕಿನಲ್ಲಿ ಆಂಟಿಬಯಾಟಿಕ್ ಶುರು ಮಾಡಿಸಿಕೊಂಡು ಹೋಗಬೇಡಿ. ಕೀಲಿನ ದ್ರವ ತೆಗೆದು ಪರೀಕ್ಷಿಸುವ ಮೊದಲೇ ಮಾತ್ರೆ ನುಂಗಿದರೆ ಯಾವ ಬ್ಯಾಕ್ಟೀರಿಯಾ ಎಂದು ಕಲ್ಚರ್‌ನಲ್ಲಿ ಗೊತ್ತಾಗದೆ ಹೋಗಬಹುದು. ಮೊದಲ ಕೆಲವು ವಾರಗಳಲ್ಲೇ ಹಿಡಿದರೆ ಒಳಗೆ ತೊಳೆದು, ಪ್ಲಾಸ್ಟಿಕ್ ಭಾಗವನ್ನಷ್ಟೇ ಬದಲಾಯಿಸಿ ಲೋಹದ ಕೀಲನ್ನು ಉಳಿಸಿಕೊಳ್ಳುವ ಅವಕಾಶವಿದೆ. ತಡವಾದರೆ ಕೀಲನ್ನೇ ತೆಗೆದು, ಸೋಂಕು ವಾಸಿಯಾದ ಮೇಲೆ ಇನ್ನೊಂದು ಹಾಕಬೇಕಾಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ರಾತ್ರಿ ವೇಳೆ ಕರೆ ಮಾಡಬಹುದಾದ ಸಂಖ್ಯೆಯೊಂದನ್ನು ಬರೆಸಿಕೊಂಡೇ ಹೊರಡಿ.